ರೈಟರ್ ಕೂಸಪ್ಪನ ರಾಜೀನಾಮೆ

ಚೆಟ್ಟಳ್ಳಿ ಬಳಿಯ ಬಿಳಿ ದೊರೆಯೊಬ್ಬ ಲಂಡನ್ ಕಂಪನಿಯ ಪರವಾಗಿ ನೋಡಿಕೊಳ್ಳುತ್ತಿದ್ದ ಕಾಫಿ ತೋಟದಲ್ಲಿ ಕೂಸಪ್ಪ ಒಂಬತ್ತು ವರ್ಷದಿಂದ ರೈಟರ್. ಆಳುಗಳ ಹಾಜರಿಯಿಂದ ಗೋದಾಮಿನ ಬೀಗದ ಕೈವರೆಗೆ ಎಲ್ಲವೂ ಅವನದೇ ಜವಾಬ್ದಾರಿ. ವಾಸಕ್ಕೆ ಮಾತ್ರ ಒಂದೇ ಕೋಣೆ. ಅಲ್ಲಿ ಸಂಸಾರ ಹೂಡುವ ಹಾಗಿರಲಿಲ್ಲ. ಹೆಂಡತಿ ಬೊಳ್ಳಮ್ಮ ಮಗಳು ಯಮುನಳೊಂದಿಗೆ ಗಾಳಿಬೀಡಿನ ತವರಿನಲ್ಲೇ ಇದ್ದಳು. ಕೂಸಪ್ಪ ಅಲ್ಲಿಗೆ ಹೋಗುತ್ತಿದ್ದದ್ದು ವರ್ಷಕ್ಕೆ ಎರಡೇ ಸಲ.

ಪ್ರತಿ ವರ್ಷವೂ ಅವನು ಮನೆ ಕೇಳುತ್ತಿದ್ದ. "ಬರೆದಿದ್ದೇನೆ ಕೂಸಪ್ಪ, ಲಂಡನ್ನಿನ ಕಂಪನಿ ಒಪ್ಪುತ್ತಿಲ್ಲ" ಎಂದು ದೊರೆ ಮುಖ ಬಾಡಿಸುತ್ತಿದ್ದ. ಚಳಿಜ್ವರ ಬಂದಾಗ ಕೋಣೆಗೇ ಬಂದು ಕ್ವಿನೈನ್ ಕುಡಿಸಿದ್ದ ದೊರೆ ಅವನು. ಮಾವ ಹಂಗಿಸಿದರೂ ಕೂಸಪ್ಪ ದೊರೆಯನ್ನು ಬಿಟ್ಟುಕೊಡುತ್ತಿರಲಿಲ್ಲ.

ಆ ವರ್ಷ ಹುತ್ತರಿ ಹಬ್ಬಕ್ಕೆ ಹೋದಾಗ ನಾಲ್ಕು ವರ್ಷದ ಯಮುನ ತಾಯಿಯ ಸೆರಗಿನ ಹಿಂದೆ ಅಡಗಿ, "ಅವ್ವಾ, ಅದ್ ಯಾರ್?" ಎಂದಳು. ತೋಟಕ್ಕೆ ಮರಳಿದವನೇ ಕೂಸಪ್ಪ ಶ್ರೀಮಂಗಲದ ತೋಟಗಾರ ಮೊಣ್ಣಪ್ಪನವರಿಗೆ ಕಾಗದ ಬರೆದ. ಕೆಲಸವೂ ಉಂಟು, ಮನೆಯೂ ಉಂಟು ಎಂದು ಅವರು ಹೇಳಿಕಳಿಸಿದರು. ಕೂಸಪ್ಪ ರಾಜೀನಾಮೆ ಕೊಟ್ಟ.

ದೊರೆ ಅದನ್ನು ಓದಿ ಮೇಜಿನ ಮೇಲಿಟ್ಟ. "ಹೋಗಬೇಡ. ಸಸಿ ನರ್ಸರಿಯ ಮೇಲ್ಗಡೆಯ ಹಂಚಿನ ಮನೆ ನಿನಗೇ. ಕಂಪನಿಯ ಒಪ್ಪಿಗೆ ಇಲ್ಲಿದೆ, ನೋಡು" ಎಂದು ತನ್ನ ಬೀರುವಿನಿಂದ ಕಾಗದವೊಂದನ್ನು ತೆಗೆದುಕೊಟ್ಟ.

ಕೂಸಪ್ಪನ ಎದೆ ತುಂಬಿ ಬಂತು. ಗುರುತು ಪರಿಚಯವಿಲ್ಲದ ಊರಿಗೆ ಯಾಕೆ ಹೋಗಬೇಕು? ಆಯಿತು ಎನ್ನುವಷ್ಟರಲ್ಲಿ ಕಾಗದದ ತಾರೀಖು ಕಣ್ಣಿಗೆ ಬಿತ್ತು. ಮೂರು ವರ್ಷ ಹಿಂದಿನದು.

"ಇದು ಆಗಲೇ ಬಂದಿತ್ತಾ, ದೊರೆಗಳೇ?"

"ಬಂದಿತ್ತು. ಸಂಸಾರ ಬಂದರೆ ರಜೆ, ಕಾಯಿಲೆ ಅಂತ ಶುರುವಾಗುತ್ತೆ. ಅದಿಲ್ಲದೆಯೂ ನೀನು ಕೆಲಸ ಮಾಡಿಕೊಂಡಿದ್ದೆಯಲ್ಲ. ಈಗ ಕೊಡುತ್ತಿದ್ದೇನೆ, ಮತ್ತೇನು?"

ಸಂಜೆಯವರೆಗೆ ಸಮಯ ಕೇಳಿ ಕೂಸಪ್ಪ ಹೊರಬಂದ. ಹಂಚಿನ ಮನೆಯ ಬೀಗ ತೆಗೆದು ಒಳಗೆ ನಿಂತ. ಮೂರು ವರ್ಷದಿಂದ ಅಲ್ಲಿ ಖಾಲಿ ಗೋಣಿಚೀಲ ಪೇರಿಸಿಡಿಸುತ್ತಿದ್ದವನು ಅವನೇ. ಬೊಳ್ಳಮ್ಮನಿಗೆ ಒಪ್ಪುವಂಥ ಅಡುಗೆಮನೆ. ಕಿಟಕಿಯಿಂದ ಒಳ್ಳೆಯ ಬೆಳಕು. ರೋಷಕ್ಕೆ ಬಿದ್ದು ಇದನ್ನು ಕಳೆದುಕೊಂಡರೆ ನಷ್ಟ ಯಾರಿಗೆ? ಆದರೆ ಇದೇ ಮನೆಯಲ್ಲಿದ್ದುಕೊಂಡು ದಿನಾ ಬೆಳಿಗ್ಗೆ ಆ ಮನುಷ್ಯನಿಗೆ ಸಲಾಮು ಹೊಡೆಯುವುದನ್ನು ನೆನೆದರೆ ಮೈಯೆಲ್ಲ ಉರಿಯಿತು.

"ಮನೆ ಬೇಡ ದೊರೆಗಳೇ," ಎಂದ ಸಂಜೆ. "ಇನ್ನು ನಿಮ್ಮ ಮಾತು ನಂಬೋಕೆ ನನ್ನಿಂದ ಆಗೋದಿಲ್ಲ."

ದೊರೆ ನಡತೆಯ ಪತ್ರವನ್ನೂ ಕೊಡದೆ ಕಳಿಸಿದ.

ಮೊಣ್ಣಪ್ಪನವರು ಅದನ್ನು ಕೇಳಲೇ ಇಲ್ಲ. ಕೂಸಪ್ಪನೇ ಅವರನ್ನು, ಮನೆ ಕೊಡುವ ಮಾತನ್ನು ಬರೆದುಕೊಡಿ ಎಂದು ಕೇಳಿದ. ಅವರ ಮುಖ ಸಣ್ಣದಾಯಿತು, ಆದರೂ ಬರೆದುಕೊಟ್ಟರು.

ಅವರು ಕೊಟ್ಟ ಶ್ರೀಮಂಗಲದ ಹುಲ್ಲುಮನೆಗೆ ಸಂಸಾರ ಬಂದ ಮೇಲೆ ಬೊಳ್ಳಮ್ಮನಿಗೆ ಎಲ್ಲ ಹೇಳಿದ. ಅವಳು ಅಕ್ಕಿ ಆರಿಸುತ್ತಿದ್ದ ಕೈ ನಿಲ್ಲಿಸಿದಳು.

"ಮೂರ್ ವರ್ಷನಾ? ಆಗ ಕೂಸಿಗೆ ಇನ್ನೂ ಮಾತೇ ಬಂದಿತ್ಲೆ."

ಕೂಸಪ್ಪ ಯಮುನಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ.