ಮಗು ವಾಸವಿರುವ ಊರು

ಬ್ಯಾಂಕಿನ ವರ್ಗಾವಣೆ ಆದೇಶ ಬಂದ ವಾರವೇ ತಂಗಿಗೆ ಮೈಸೂರಿನ ಕುಟುಂಬ ನ್ಯಾಯಾಲಯದ ನೋಟಿಸೂ ಬಂತು. ಕೊಚ್ಚಿಯ ಪಾಲಾರಿವಟ್ಟಂ ಶಾಖೆಯಿಂದ ಅವಳು ತಿರುವನಂತಪುರಕ್ಕೆ ಹೋಗಬೇಕಿತ್ತು. ಅವಳಿಂದ ಬೇರೆಯಾಗಿ ಮೈಸೂರಿನಲ್ಲಿದ್ದ ಗಂಡ, ಎಂಟು ವರ್ಷದ ಮಗಳನ್ನು ತನಗೆ ಒಪ್ಪಿಸಬೇಕೆಂದು ಕೇಳಿದ್ದ. ವರ್ಗವಾಗುತ್ತಲೇ ಇರುವ ತಾಯಿಗೆ ನೆಲೆಯಿಲ್ಲ, ಮಗುವಿನ ಊರು ಮೈಸೂರೇ ಎಂಬುದು ಅವನ ವಾದ.

ನಾನು ತಿರುವನಂತಪುರದ ಶ್ರೀಕಾರ್ಯಂನಲ್ಲಿರುವ ನನ್ನ ಮನೆಯಿಂದ ಹೊರಟು ಕೊಚ್ಚಿಯ ರೈಲು ಹಿಡಿದೆ. ಪತ್ರಿಕೆಯ ಡೆಸ್ಕಿನಲ್ಲಿ ಊರವರ ಮೊಕದ್ದಮೆಗಳ ವರದಿ ತಿದ್ದುವ ನಾನು ಈಗ ಮನೆಯದೇ ಮೊಕದ್ದಮೆಯ ನೋಟಿಸನ್ನು ಎರಡು ಸಲ ಓದಿದೆ. ತಂಗಿ ಆಗಲೇ ತೀರ್ಮಾನಿಸಿದ್ದಳು.

"ಕೆಲ್ಸ ಬಿಟ್ಟು ಮೈಸೂರಿಗೇ ಹೋಗ್ತೀನಿ ಅಕ್ಕ. ಮನೇಲಿ ಕೂತ ತಾಯಿ ಹತ್ರ ಮಗೂನ ಯಾರು ಕಿತ್ಕೋತಾರೆ?"

ಪಾಲಾರಿವಟ್ಟಂನ ವಕೀಲೆ, ನಡುವಯಸ್ಸಿನ ಮಲಯಾಳಿ, ಇದನ್ನು ಕೇಳಿ ಕನ್ನಡಕ ತೆಗೆದಿಟ್ಟರು. ದುಡಿಯುತ್ತಾಳೆ ಎಂಬ ಒಂದೇ ಕಾರಣಕ್ಕೆ ತಾಯಿಯಿಂದ ಮಗುವನ್ನು ತೆಗೆಯುವಂತಿಲ್ಲ ಎಂದರು. ಮಗು ಸಾಮಾನ್ಯವಾಗಿ ಎಲ್ಲಿ ವಾಸವಾಗಿರುತ್ತದೋ ಅಲ್ಲಿನ ನ್ಯಾಯಾಲಯಕ್ಕೇ ಅಧಿಕಾರ. ತಂದೆಯ ಊರು, ಅಜ್ಜಿಯ ಊರು ಲೆಕ್ಕಕ್ಕಿಲ್ಲ.

"ರಾಜೀನಾಮೆ ಬರೆದು ಮಗುವನ್ನು ಮೈಸೂರಿಗೆ ಕರೆದೊಯ್ದರೆ ಅವರ ಕೇಸನ್ನು ನೀನೇ ಗೆಲ್ಲಿಸಿದಂತೆ, ಮೋಳೆ," ಎಂದರು. ಮಗಳೇ ಎನ್ನುವ ಆ ಕರೆಗೆ ತಂಗಿ ಮೊದಲ ಬಾರಿ ಅತ್ತಳು.

ಕಷ್ಟ ಇದ್ದದ್ದು ಬೇರೆ ಕಡೆ. ಕೇರಳಕ್ಕೆ ವರ್ಗವಾಗಿ ಬಂದ ನಾವೆಲ್ಲ ಎಷ್ಟು ವರ್ಷ ಇದ್ದರೂ, ಯಾರು ಕೇಳಿದರೂ, ಇಲ್ಲಿ ತಾತ್ಕಾಲಿಕ ಎನ್ನುವವರು. ತಂಗಿಯೂ ನೆಂಟರ ಮುಂದೆ ಹಾಗೇ ಹೇಳಿಕೊಂಡು ಬಂದಿದ್ದಳು. ಗಂಡನ ಕಡೆಯ ವಕೀಲರು ಅದನ್ನೇ ಹಿಡಿದರು. ಮಗುವಿನ ನೆಲೆ ಕೊಚ್ಚಿಯೇ ಎಂದು ತೋರಿಸಬೇಕಿದ್ದರೂ ವಿಚಾರಣೆಯ ಹಿಂದಿನ ದಿನ ಅವಳು ಮಗಳಿಗೆ ಕನ್ನಡದಲ್ಲಿ ಉತ್ತರಿಸುವುದನ್ನು ಕಲಿಸುತ್ತಿದ್ದಳು. ಮಲಯಾಳದಲ್ಲಿ ಮಾತಾಡಿದರೆ ಮಗುವನ್ನು ಸರಿಯಾಗಿ ಬೆಳೆಸಿಲ್ಲ ಎಂದುಕೊಂಡಾರು ಎಂಬ ಅಂಜಿಕೆ.

ಪಾಲಾರಿವಟ್ಟಂನ ಕಚೇರಿಯಿಂದಲೇ ವಿಡಿಯೊದಲ್ಲಿ ವಿಚಾರಣೆ. ವಕೀಲೆಯ ಪಕ್ಕದ ಕುರ್ಚಿಯಲ್ಲಿ ಮಗು, ಹಿಂದೆ ನಾವಿಬ್ಬರು. ಮೈಸೂರಿನ ನ್ಯಾಯಾಧೀಶರು ಪರದೆಯಿಂದ ಮೆತ್ತಗೆ ಕೇಳಿದರು: "ನಿಮ್ಮ ಮನೆ ಎಲ್ಲಿ ಪುಟ್ಟಿ?"

"ವೈಟ್ಟಿಲಯಿಲ್. ನಾಲಾಂ ನಿಲ. ಲಿಫ್ಟ್ ಕೇಡಾಣ್."

ತಂಗಿ ನನ್ನ ಕೈ ಹಿಂಡಿದಳು. ಕೊಚ್ಚಿಯ ವೈಟ್ಟಿಲದಲ್ಲಿ, ನಾಲ್ಕನೇ ಮಹಡಿ, ಲಿಫ್ಟ್ ಕೆಟ್ಟಿದೆ ಎಂದು ವಕೀಲೆ ಗಂಭೀರವಾಗಿ ಇಂಗ್ಲಿಷಿಗೆ ಅನುವಾದಿಸಿದರು.

"ನೋಡಿ ಸ್ವಾಮಿ, ಮಗುವಿಗೆ ಕನ್ನಡವೇ ಹೋಗಿದೆ. ಅದಕ್ಕೇ ತಂದೆ ಹತ್ರ ಇರಬೇಕು ಅನ್ನೋದು," ಎಂದರು ಎದುರು ವಕೀಲರು.

"ನಾನು ಕೇಳಿದ್ದು ಕನ್ನಡದಲ್ಲೇ ಅಲ್ಲವೇ? ಮಗುವಿಗೆ ಅರ್ಥವಾಗಿದೆ," ಎಂದರು ನ್ಯಾಯಾಧೀಶರು. "ಎಲ್ಲಿ ವಾಸ ಅನ್ನೋದು ನನ್ನ ಪ್ರಶ್ನೆ. ಉತ್ತರ ಸಿಕ್ಕಿತು."

ಮೈಸೂರಿಗೆ ಅಧಿಕಾರವಿಲ್ಲವೆಂದು ನ್ಯಾಯಾಧೀಶರು ಅರ್ಜಿಯನ್ನು ಗಂಡನಿಗೇ ಮರಳಿಸಿದರು, ಬೇಕಿದ್ದರೆ ಕೊಚ್ಚಿಯಲ್ಲಿ ಹಾಕಿಕೊಳ್ಳಬಹುದೆಂದು ಆದೇಶ. ಗಂಡ ಅದರ ಬದಲು ರಾಜಿಗೆ ಬಂದ. ಮಗು ತಾಯಿಯ ಬಳಿ, ರಜೆಯಲ್ಲಿ ತಂದೆಯ ಬಳಿ ಎಂದು ಕೊಚ್ಚಿಯ ನ್ಯಾಯಾಲಯದಲ್ಲೇ ಒಪ್ಪಂದವಾಯಿತು. ಶಾಲೆಯ ವರ್ಷ ಮುಗಿಯುವವರೆಗೆ ವರ್ಗಾವಣೆ ತಡೆಯುವಂತೆ ತಂಗಿ ಬ್ಯಾಂಕನ್ನು ಕೇಳಿದಳು. ಬ್ಯಾಂಕು ಒಪ್ಪಿತು. ಕೇಳಿದರೆ ಒಪ್ಪುತ್ತಾರೆಂಬುದು ಅವಳಿಗೆ ಅಷ್ಟು ವರ್ಷ ಗೊತ್ತೇ ಇರಲಿಲ್ಲ.

ಜೂನ್‌ನಲ್ಲಿ ಕೆಲಸ, ಮಗಳು ಎರಡನ್ನೂ ಜೊತೆಗಿಟ್ಟುಕೊಂಡೇ ಅವಳು ಶ್ರೀಕಾರ್ಯಂಗೆ ಬಂದಳು. ನಮ್ಮ ನೆರೆಮನೆಯಾಕೆ ನಿಮ್ಮೂರು ಯಾವುದೆಂದು ವಿಚಾರಿಸಿದರು. ಮೈಸೂರು ಎನ್ನುತ್ತಾಳೆಂದು ನಾನು ಕಾದಿದ್ದೆ.

"ವೈಟ್ಟಿಲ," ಎಂದಳು ತಂಗಿ.

ಲಿಫ್ಟ್ ಈಗಲೂ ಕೆಟ್ಟೇ ಇದೆ ಎಂದು ಮಗಳು ಮಲಯಾಳದಲ್ಲಿ ಸೇರಿಸಿದಳು.