ಎರಡು ಸೆಕೆಂಡು

ಚಕ್ರಪಾಣಿಯವರಿಗೆ ಅರವತ್ತಾರು. ಬಸವೇಶ್ವರನಗರದಲ್ಲಿ ಮನೆ, ಕಾಮಾಕ್ಷಿಪಾಳ್ಯದ ಶೆಡ್ಡುಗಳಲ್ಲಿ ಕೆಲಸ. ಯಾರ ಮೋಟಾರು ಕೆಟ್ಟರೂ, ಯಾರ ಪ್ಯಾನೆಲ್ಲು ಸುಟ್ಟರೂ ಅವರಿಗೇ ಕರೆ. ರಿಪೇರಿಗೆ ಕೂತರೆ ಕೈಯಷ್ಟೇ ಬಾಯಿಯೂ ಓಡುತ್ತಿತ್ತು. ಜಂಬದ ಮನುಷ್ಯ. ಆದರೆ ಆ ಜಂಬಕ್ಕೆ ಕಾರಣವೂ ಇತ್ತು ಅನ್ನಿ.

೧೯೮೭ರಲ್ಲಿ ರೇವಣಸಿದ್ದಪ್ಪನವರ ಬಾಗಿಲ ಚಿಲಕದ ಕಾರ್ಖಾನೆಯಲ್ಲಿ ಚಕ್ರಪಾಣಿ ತಗಡು ಒತ್ತುವ ಪ್ರೆಸ್ಸಿಗೆ ಒಂದು ಪುಟ್ಟ ಕಂಪ್ಯೂಟರನ್ನು ಜೋಡಿಸಿದ್ದರು. ಮನೆಯ ಟಿವಿಗೆ ಸಿಕ್ಕಿಸಿ ಮಕ್ಕಳು ಆಟವಾಡುತ್ತಿದ್ದ ಆ ಕಾಲದ ಕಂಪ್ಯೂಟರು ಅದು. ತಗಡು ಇಟ್ಟು ಪೆಡಲು ತುಳಿದರೆ ಕೆಂಪು ದೀಪ ಹತ್ತುತ್ತದೆ, ಎರಡು ಸೆಕೆಂಡು ಬಿಟ್ಟು ಪ್ರೆಸ್ ಬೀಳುತ್ತದೆ. ಅಷ್ಟರಲ್ಲಿ ತಗಡನ್ನು ಬೆರಳಿನಿಂದ ಸರಿಮಾಡಿ ಕೈ ತೆಗೆದುಬಿಡಬೇಕು. ಈ ಎರಡು ಸೆಕೆಂಡು ಕಾಯಿಸುವುದಕ್ಕೆ ಚಕ್ರಪಾಣಿ ಹೂಡಿದ ಉಪಾಯ ಸರಳ: ಒಂದರಿಂದ ಸಾವಿರದವರೆಗೆ ಸುಮ್ಮನೆ ಎಣಿಸು, ಆಮೇಲೆ ಪ್ರೆಸ್ ಬಿಡು. ಆ ಬಡ ಕಂಪ್ಯೂಟರು ಸಾವಿರ ಎಣಿಸಿ ಮುಗಿಸುವುದಕ್ಕೆ ಸರಿಯಾಗಿ ಎರಡು ಸೆಕೆಂಡು ಹಿಡಿಯುತ್ತಿತ್ತು. ಮೂವತ್ತೇಳು ವರ್ಷ ಅದು ಒಂದು ದಿನವೂ ಲೆಕ್ಕ ತಪ್ಪಲಿಲ್ಲ.

ಕಳೆದ ಶ್ರಾವಣದಲ್ಲಿ ಅದು ಸತ್ತಿತು. ಅದರ ಪ್ರೊಸೆಸರ್ ಚಿಪ್ಪು ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಯಾವ ಮೂಲೆಯಲ್ಲೂ ಸಿಗಲಿಲ್ಲ.

"ಬಿಡಿ ಚಕ್ರಪಾಣಿಯವ್ರೇ, ಹೊಸ ಕಂಟ್ರೋಲರ್ ಹಾಕ್ಸೋಣ," ಎಂದರು ರೇವಣಸಿದ್ದಪ್ಪ.

"ಯಾಕ್ ಸಾರ್? ನನ್ ಪ್ರೋಗ್ರಾಮಿಗೇನಾಗಿದೆ? ಒಂದ್ ತಿಂಗ್ಳು ಟೈಮ್ ಕೊಡಿ, ಹೆಂಗ್ ಓಡುತ್ತೆ ನೋಡಿ!"

ಯಜಮಾನರು ಹೊಸದು ತರಿಸುತ್ತೇನೆ ಎಂದಿದ್ದರು, ಬೇಡ ಎಂದವರು ಇವರೇ. ಇದನ್ನು ಮರೆಯುವಂತಿಲ್ಲ.

ಚಕ್ರಪಾಣಿ ಎಮ್ಯುಲೇಟರ್ ಹುಡುಕಿದರು. ಅಂದರೆ, ಹೊಸ ಕಂಪ್ಯೂಟರಿನೊಳಗೆ ಕೂತು ಹಳೆಯದರ ವೇಷ ಹಾಕುವ ಒಂದು ಸಾಫ್ಟ್‌ವೇರು. ಅದರಲ್ಲಿ ಪ್ರೊಸೆಸರಿಗೆಂದೇ ಒಂದು ಪುಟ: ಯಾವ ಚಿಪ್ಪು, ಎಷ್ಟು ವೇಗ, ವೇಗಕ್ಕೆ ಮಿತಿ ಬೇಕೋ ಬೇಡವೋ. ಹಳೆಯ ಚಿಪ್ಪಿನ ವೇಗವನ್ನೇ ಕೊಟ್ಟು ನೋಡಿದರು. ಕೆಂಪು ದೀಪ ಹತ್ತಿತು, ಎರಡು ಸೆಕೆಂಡಿಗೆ ಪ್ರೆಸ್ ಬಿತ್ತು. ಅವರ ಕಣ್ಣು ತುಂಬಿ ಬಂತು.

ಆಯುಧಪೂಜೆಯ ದಿನ ಬೆಳಿಗ್ಗೆ ಒಂದೇ ಒಂದು ಪರೀಕ್ಷೆ ಬಾಕಿ ಇತ್ತು. ಐದು ಸಾವಿರ ಏಟಿಗೊಮ್ಮೆ ಎಣ್ಣೆ ಹಾಕಿ ಎಂದು ಪ್ರೋಗ್ರಾಮು ಪೀಂ ಎನ್ನಬೇಕು. ಐದು ಸಾವಿರ ಏಟು ಎಂದರೆ ಮೂರು ಗಂಟೆ ಕಾಯಬೇಕು, ಯಾರು ಕಾಯುತ್ತಾರೆ? ಪ್ರೆಸ್ಸಿನ ವೈರು ತೆಗೆದು, ಪೆಡಲಿನ ಮೇಲೆ ಕಲ್ಲು ಹೇರಿ, ಪ್ರೊಸೆಸರಿನ ಪುಟದಲ್ಲಿ 'ವೇಗಕ್ಕೆ ಮಿತಿ ಬೇಡ' ಎಂದು ಒತ್ತಿದರು. ಮೂರು ಗಂಟೆಯ ಕೆಲಸ ಮೂರು ನಿಮಿಷದಲ್ಲಿ ಮುಗಿದು ಪೀಂ ಎಂದಿತು. ಖುಷಿಯಲ್ಲಿ ಕಲ್ಲು ತೆಗೆದು ವೈರನ್ನು ಮತ್ತೆ ಸಿಕ್ಕಿಸಿದರು. ಅಷ್ಟರಲ್ಲಿ ಪೂಜೆಯ ಹೊತ್ತಾಯಿತೆಂದು ಯಾರೋ ಕಂಪ್ಯೂಟರನ್ನು ಮುಚ್ಚಿ, ಮೆಯಿನ್ ಆರಿಸಿ, ಪ್ರೆಸ್ಸಿಗೂ ಮಾನಿಟರಿಗೂ ವಿಭೂತಿ ಹಚ್ಚಿ ಚೆಂಡುಹೂವಿನ ಹಾರ ಹಾಕಿದರು. ವೇಗದ ಮಿತಿ ಮತ್ತೆ ಹಾಕಿಲ್ಲ, ಸಾವಿರದ ಎಣಿಕೆ ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ ಎಂದು ಮಂಗಳಾರತಿ ಆದಮೇಲೆ ಚಕ್ರಪಾಣಿಗೆ ನೆನಪಾಯಿತು. ಕೈ ಚಾಚಿದರು.

"ಏನ್ ಸಾರ್ ನೀವು! ಪೂಜೆಗಿಟ್ಟಿದ್ದನ್ನ ಮುಟ್ತಾರಾ?" ಎಂದು ರೇವಣಸಿದ್ದಪ್ಪ ತಡೆದರು. "ನಾಡಿದ್ದು ಬಾಗಿಲು ತೆಗೆದಾಗ ನೋಡ್ಕೊಳ್ಳಿ."

ಒಂದು ಚೀಟಿ ಬರೆದು ಅಂಟಿಸಬಹುದಿತ್ತು. ಮುಚ್ಚುವಾಗ ಇದ್ದ ವೇಗವನ್ನೇ ಎಮ್ಯುಲೇಟರ್ ಹಾಗೇ ಇಟ್ಟುಕೊಳ್ಳುತ್ತದೆ, ಯಾರೂ ಪೆಡಲು ತುಳಿಯಬೇಡಿ ಎಂದು ಬಾಯಲ್ಲಾದರೂ ಹೇಳಬಹುದಿತ್ತು. ನಾಡಿದ್ದು ಮೊದಲು ತಾನೇ ಬಂದರಾಯಿತು ಎಂದುಕೊಂಡು, ಕಡಲೆಪುರಿ ಕಟ್ಟಿಸಿಕೊಂಡು ಮನೆಗೆ ಹೋದರು.

ಆ ನಾಡಿದ್ದು ಬೆಳಿಗ್ಗೆ ದಾರಿಯಲ್ಲಿ ದರ್ಶಿನಿಯ ಮುಂದೆ ಹಳೆಯ ಗೆಳೆಯರು ಸಿಕ್ಕರು. ತಾನು ಸತ್ತ ಕಂಪ್ಯೂಟರನ್ನು ಬದುಕಿಸಿದ ಕಥೆಯನ್ನು ಚಕ್ರಪಾಣಿ ಎರಡು ಕಾಫಿ ಮುಗಿಯುವವರೆಗೆ ಹೇಳಿದರು. ಶೆಡ್ಡಿಗೆ ಬರುವಷ್ಟರಲ್ಲಿ ಬಾಗಿಲಲ್ಲಿ ಆಟೋ ನಿಂತಿತ್ತು. ಬಸವ್ವನನ್ನು ಇಬ್ಬರು ಹಿಡಿದು ಕೂರಿಸುತ್ತಿದ್ದರು. ಲಗ್ಗೆರೆಯಿಂದ ಬರುವ ಈ ಬಸವ್ವ ಆ ಪ್ರೆಸ್ಸಿನ ಮುಂದೆ ಹತ್ತೊಂಬತ್ತು ವರ್ಷ ಕೂತವಳು. ಬಲಗೈಗೆ ಸುತ್ತಿದ್ದ ಸೀರೆಯ ಸೆರಗು ನೆನೆದು ತೊಟ್ಟಿಕ್ಕುತ್ತಿತ್ತು. ಮೂರು ಬೆರಳು ಹೋಗಿದ್ದವು.

ಎಲ್ಲರೂ ಆಸ್ಪತ್ರೆಗೆ ಓಡಿದರು. ಚಕ್ರಪಾಣಿ ಓಡಲಿಲ್ಲ. ಖಾಲಿ ಶೆಡ್ಡಿನಲ್ಲಿ ಕಂಪ್ಯೂಟರಿನ ಮುಂದೆ ಕೂತು, ಪ್ರೊಸೆಸರಿನ ಪುಟ ತೆಗೆದು ಹಳೆಯ ವೇಗ ಹಾಕಿ ಉಳಿಸಿದರು.

ಎರಡು ದಿನ ಬಿಟ್ಟು ತಪಾಸಣೆಗೆ ಒಬ್ಬ ಅಧಿಕಾರಿ ಬಂದರು. ಪೆಡಲು ತುಳಿಸಿ ಹತ್ತು ಸಲ ನೋಡಿದರು, ಹತ್ತು ಸಲವೂ ಎರಡೇ ಸೆಕೆಂಡು. 'ಕೆಲಸಗಾರರ ಅಜಾಗರೂಕತೆ' ಎಂದು ಬರೆದುಕೊಂಡು ಹೋದರು. ಚಕ್ರಪಾಣಿ ಪಕ್ಕದಲ್ಲೇ ನಿಂತಿದ್ದರು. ಕೇಸು, ಜೈಲು ಎಂಬ ಭಯ ಇದ್ದದ್ದು ನಿಜ. ಆದರೆ ಚಕ್ರಪಾಣಿ ಕೆಲಸ ಕೆಡಿಸಿದರಂತೆ ಎಂದು ನಾಲ್ಕು ಜನ ಆಡಿಕೊಳ್ಳುವುದರ ಭಯ ಅದಕ್ಕಿಂತ ದೊಡ್ಡದಿತ್ತು. ಥೂ, ಎಂಥ ಮರ್ಯಾದೆಯೋ ಅದು!

ತಿಂಗಳಾದ ಮೇಲೆ ಮೋಸಂಬಿ ಹಿಡಿದು ಲಗ್ಗೆರೆಗೆ ಹೋದರು. ಹೇಳಿಬಿಡಬೇಕೆಂದೇ ಹೋಗಿದ್ದರು. ಬಸವ್ವ ಎಡಗೈಯಲ್ಲೇ ಕುರ್ಚಿ ಎಳೆದು ಹಾಕಿದಳು.

"ಒಂದ್ ಕೇಳ್ತೀನಿ ಸಾರ್, ನಿಜ ಹೇಳ್ಬೇಕು. ದೀಪ ಹತ್ತಿದ ತಕ್ಷಣ ನಾನು ಮನಸ್ಸಲ್ಲೇ ಬಸವಾ, ಬಸವಾ ಅಂತ ಎರಡ್ ಸಲ ಅಂತೀನಿ. ಎರಡನೇದು ಮುಗಿಯೋದ್ರೊಳಗೆ ಕೈ ಆಚೆ. ಅವತ್ತು ಒಂದನೇ ಬಸವಾನೂ ಬಾಯಿಗೆ ಬಂದಿರ್ಲಿಲ್ಲ ಅನ್ಸುತ್ತೆ ನಂಗೆ. ಎಲ್ರೂ ನಂದೇ ತಪ್ಪು ಅಂತಾರೆ. ವಯಸ್ಸಾಗಿ ನನ್ ಎಣಿಕೆನೇ ನಿಧಾನ ಆಗಿದ್ಯೇನೋ. ನಿಮ್ ಫೋನಲ್ಲಿ ಟೈಮ್ ಹಿಡೀರಿ, ನೋಡೇ ಬಿಡೋಣ."

ಅವಳು ಕಣ್ಣು ಮುಚ್ಚಿ ಎಣಿಸಿದಳು. ಒಂದೂ ಮುಕ್ಕಾಲು ಸೆಕೆಂಡು. ಮತ್ತೆ ಎಣಿಸಿದಳು, ಅಷ್ಟೇ. ಐದು ಸಲವೂ ಎರಡು ಸೆಕೆಂಡಿನೊಳಗೇ ಮುಗಿಸಿದಳು. ಕಣ್ಣು ಬಿಟ್ಟು ಅವರ ಮುಖವನ್ನೇ ನೋಡಿದಳು.

ಚಕ್ರಪಾಣಿ ಫೋನನ್ನು ಜೇಬಿಗೆ ಹಾಕಿಕೊಂಡರು.

"ತಡ ಆಗ್ತಿದೆ ಬಸವ್ವ," ಎಂದರು. "ಮೂರು ಸೆಕೆಂಡ್ ಬರ್ತಿದೆ."

ಬಸವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

"ಹಂಗಾದ್ರೆ ನಂದೇ ಬಿಡಿ. ನನ್ ಜಾಗಕ್ಕೆ ಸೊಸೆ ನಿಖಿತಾನ ಕಳ್ಸು ಅಂತ ಯಜಮಾನ್ರು ಹೇಳಿ ಕಳ್ಸಿದ್ರು. ಮಿಷಿನ್ ಮೇಲೆ ಅನುಮಾನ ಪಟ್ಟು ಬೇಡ ಅಂದಿದ್ದೆ. ಸೋಮವಾರದಿಂದ ಕಳಿಸ್ಲಾ ಸಾರ್?"

ಹೇಳುವುದಕ್ಕೆ ಆಗಲೂ ಸಮಯವಿತ್ತು. ಒಳಗೆ ಆ ಹುಡುಗಿ ಪಾತ್ರೆ ತೊಳೆಯುತ್ತಿದ್ದ ಸದ್ದು ಅವರಿಗೆ ಕೇಳಿಸುತ್ತಿತ್ತು.

"ಕಳ್ಸಮ್ಮಾ," ಎಂದರು ಚಕ್ರಪಾಣಿ. "ಏನೂ ಆಗಲ್ಲ."