ಕ್ರಿಯಾಪದಗಳ ಸೂಲಗಿತ್ತಿ

ಗುಂಡ್ಲುಪೇಟೆಯ ಅಮೀರುನ್ನೀಸಾಗೆ ಒಂದು ಅಕ್ಷರವೂ ಬರುತ್ತಿರಲಿಲ್ಲ. ಮಾತು ಮಾತ್ರ ನಾಲ್ಕು ಭಾಷೆಯಲ್ಲಿ ಬರುತ್ತಿತ್ತು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು, ಊಟಿ ರಸ್ತೆಯ ಮರದ ಡಿಪೋ ಹತ್ತಿರ ಮಲೆಯಾಳ. ಊರಿನವರ ಬಾಯಲ್ಲಿ ಅವಳು ಅಮೀರಕ್ಕ. ಹೆಂಗಸರಿಗೆ ನೋವು ಕಾಣಿಸಿಕೊಂಡರೆ ಮೊದಲು ನೆನಪಾಗುತ್ತಿದ್ದದ್ದು ಅವಳೇ. ಗಂಡ ಗೌಸ್ ಮೊಹಿದ್ದೀನ್ ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಾ ಕೂರಿಸುವವನು. ಸೂಲಗಿತ್ತಿಯ ಕೆಲಸ ಅವಳಿಗೆ ಬಂದದ್ದು ಅತ್ತೆಯಿಂದ. ಭಾಷೆಗಳು ಬಂದದ್ದು ಒಂದು ಸಾವಿನಿಂದ.

ಆ ಸಾವು ನಡೆದದ್ದು ಕೇರಳದ ದಾರಿಯಲ್ಲಿರುವ ಮದ್ದೂರಿನ ಕಾಡಂಚಿನಲ್ಲಿ, ಅವಳಿಗಿನ್ನೂ ಇಪ್ಪತ್ತೈದು ತುಂಬದಿದ್ದಾಗ. ಮರ ಕೊಯ್ಯುವ ಮಲೆಯಾಳಿಯೊಬ್ಬನ ಹೆಂಡತಿಗೆ ಹೆರಿಗೆಯಾಗಿತ್ತು, ಮಗುವೂ ಗಟ್ಟಿಯಾಗಿ ಅತ್ತಿತ್ತು. ಅಷ್ಟರಲ್ಲಿ ಬಾಣಂತಿ ಅಮೀರುನ್ನೀಸಾಳ ಮಣಿಕಟ್ಟು ಹಿಡಿದು ಏನೋ ಹೇಳಿದಳು. 'ತಲ' ಎಂದದ್ದು ತಿಳಿಯಿತು. ತಲೆ ತಾನೇ, ನೋಯುತ್ತಿರಬೇಕು ಎಂದು ಇವಳು ಹಣೆ ಒತ್ತಿದಳು. ಅವಳು ಮತ್ತೆ ಅದನ್ನೇ ಹೇಳಿದಳು. ಇವಳು ಮತ್ತೆ ಒತ್ತಿದಳು. ಮೂರನೆಯ ಸಲ ಹೇಳುವಷ್ಟು ಶಕ್ತಿ ಅವಳಿಗಿರಲಿಲ್ಲ. ಆಮೇಲೆ ಡಿಪೋದವರನ್ನು ಕೇಳಿದಾಗ ಗೊತ್ತಾಯಿತು, ಅವಳು ಹೇಳಿದ್ದು ತಲೆ ಸುತ್ತುತ್ತಿದೆ ಎಂದು. ಒಳಗೊಳಗೇ ರಕ್ತ ಹೋಗುತ್ತಿತ್ತು. ತಲೆ ಎಂಬುದು ತಿಳಿದು, ತಲೆಗೆ ಏನಾಗುತ್ತಿದೆ ಎಂಬುದು ತಿಳಿಯದೆ ಒಂದು ಜೀವ ಹೋಯಿತಲ್ಲ ಎಂಬ ಸಂಕಟ ಅವಳನ್ನು ತಿಂಗಳುಗಟ್ಟಲೆ ತಿಂದಿತು.

ಅಲ್ಲಿಂದ ಶುರುವಾಯಿತು ಅವಳ ಮಾತಿನ ಬೇಟೆ. ಪರಭಾಷೆಯವರು ಸಿಕ್ಕರೆ ನಾವು ನೀವೆಲ್ಲ ಅನ್ನಕ್ಕೆ ಏನಂತೀರಿ, ನೀರಿಗೆ ಏನಂತೀರಿ ಎಂದು ಕೇಳುತ್ತೇವೆ. ಅವಳು ಹಾಗೆ ಕೇಳುತ್ತಿರಲಿಲ್ಲ. ಅನ್ನ, ನೀರನ್ನು ಬೆರಳಿಟ್ಟು ತೋರಿಸಿದರೆ ಮುಗಿಯಿತು. ತಡೆದುಕೊಳ್ಳುವುದನ್ನು, ಉಸಿರು ಬಿಡುವುದನ್ನು, ಸುತ್ತುವುದನ್ನು ಎಲ್ಲಿ ಅಂತ ತೋರಿಸುವುದು? ಅದನ್ನು ಯಾರಾದರೂ ಮಾಡುತ್ತಿರುವಾಗಲೇ ಹಿಡಿಯಬೇಕು. ಹಾಗಾಗಿ ಕಡಲೆಕಾಯಿ ಕೀಳಲು ಬಂದ ತಮಿಳು ಹೆಂಗಸರ ಸಾಲಿನಲ್ಲಿ ತಾನೂ ಬಗ್ಗಿ ಕೀಳುತ್ತಾ, ಬಗ್ಗುವುದಕ್ಕೆ, ಏಳುವುದಕ್ಕೆ, ಬೆನ್ನು ನೋಯುವುದಕ್ಕೆ ಮಾತು ಕಲಿತಳು. ಮಲೆಯಾಳ ಕಲಿಯಲು ದೂರ ಹೋಗಬೇಕಾಗಿರಲಿಲ್ಲ. ಗಂಡನ ಕುಲುಮೆಯ ಎದುರಿಗೇ ಡಿಪೋ. ಹತ್ತು ಹನ್ನೆರಡು ಜನ ದಿಮ್ಮಿಗೆ ಕೈಹಚ್ಚಿ ಹಿಡಿ, ತಳ್ಳು, ನಿಲ್ಲು ಎಂದು ಬೆಳಗಿನಿಂದ ಸಂಜೆಯವರೆಗೆ ಕೂಗುತ್ತಿದ್ದರು. ಇದಕ್ಕಿಂತ ಒಳ್ಳೆಯ ಶಾಲೆ ಎಲ್ಲಿದೆ ಎಂದುಕೊಂಡಳು ಪುಣ್ಯಾತ್ಗಿತ್ತಿ. ಆ ಶಾಲೆಯ ಗುಣ ಎಂಥದ್ದು ಎಂಬುದು ಅವಳಿಗೆ ಹನ್ನೆರಡು ವರ್ಷ ಗೊತ್ತಾಗಲಿಲ್ಲ.

ರಾಜ್ಯಗಳ ಸರಹದ್ದುಗಳನ್ನು ಹೊಸದಾಗಿ ಎಳೆದ ಮರುವರ್ಷ, ಅಂದರೆ ಐವತ್ತೇಳರಲ್ಲಿ, ಸೂಲಗಿತ್ತಿಯರಿಗೆ ತರಬೇತಿ ಕೊಡಬೇಕೆಂದು ಸರ್ಕಾರದ ಅಪ್ಪಣೆಯಾಯಿತು. ಎರಡು ತಿಂಗಳ ಪಾಠ, ಕೊನೆಗೆ ಚಾಮರಾಜನಗರದಲ್ಲಿ ದೊಡ್ಡ ಡಾಕ್ಟರ ಮುಂದೆ ಪರೀಕ್ಷೆ. ಪಾಸಾದವರಿಗೆ ಹಿತ್ತಾಳೆಯ ಬ್ಯಾಡ್ಜು, ಕತ್ತರಿ ದಾರ ಸೋಪು ಇರುವ ತಗಡಿನ ಪೆಟ್ಟಿಗೆ, ಜೊತೆಗೆ ಆಸ್ಪತ್ರೆಯ ಹೆರಿಗೆ ಕೋಣೆಯೊಳಗೆ ಕಾಲಿಡುವ ಹಕ್ಕು. ಬ್ಯಾಡ್ಜಿಲ್ಲದವರು ಇನ್ನು ಮುಂದೆ ಹೆರಿಗೆ ಮಾಡಿಸಕೂಡದು. ಅಮೀರುನ್ನೀಸಾ ಅಂಗೈಯಷ್ಟಗಲದ ಆ ಬ್ಯಾಡ್ಜನ್ನು ಆಸೆಪಟ್ಟಷ್ಟು ತನ್ನ ಮದುವೆಯ ಸೀರೆಯನ್ನೂ ಆಸೆಪಟ್ಟವಳಲ್ಲ. ಅದು ಸಿಗದಿದ್ದರೆ ಅವಳು ಚಕ್ರದ ಸಾಬಿಯ ಹೆಂಡತಿ, ಅಷ್ಟೆ.

ಪಾಠ ಹೇಳುವವಳು ನರ್ಸ್ ಗುರುಮಲ್ಲಮ್ಮ, ಉಮ್ಮತ್ತೂರಿನ ರೈತರ ಮಗಳು. ಆ ಮನೆಯಲ್ಲಿ ತಿಂಗಳ ಸಂಬಳ ಕಂಡ ಮೊದಲನೆಯವಳು. ಇಸ್ತ್ರಿಯ ಸೀರೆ, ಇಸ್ತ್ರಿ ಹಾಕಿದಂಥದೇ ಮಾತು. ಅಚ್ಚಾದ ಪುಸ್ತಕದಲ್ಲಿ ಹೇಗಿದೆಯೋ ಹಾಗೆ ಒಪ್ಪಿಸಬೇಕು ಎಂಬುದು ಅವಳ ಹಟ.

"ಹೇಳಿ ಅಮೀರಕ್ಕ, ಹೆರಿಗೆಗೆ ಬೇಕಾದ ಸಾಮಾನುಗಳು ಯಾವುವು?"

"ತೊಳೀಬೇಕು, ಕುದಿಸ್ಬೇಕು, ಕಾಯ್ಬೇಕು, ಕಟ್ಬೇಕು, ಕುಯ್ಬೇಕು."

"ನಾನು ಕೇಳಿದ್ದು ಸಾಮಾನು. ನೀವು ಹೇಳ್ತಿರೋದೆಲ್ಲ ಕ್ರಿಯಾಪದ."

"ಅದುಕ್ಕೆ ಅಂಗಂತ ಎಸ್ರಾ ನರ್ಸಮ್ಮ? ಇರ್ಲಿ ಬುಡಿ. ಸಾಮಾನು ಕಣ್ಮುಂದೆ ಬಿದ್ದಿರ್ತದೆ, ಮರೆಯೋದು ಮಾಡೋದ್ನೇ ಅಲ್ವ?"

ಉಳಿದ ಹೆಂಗಸರು ಕಿಸಕ್ಕನೆ ನಕ್ಕರು. ಗುರುಮಲ್ಲಮ್ಮನ ಮುಖ ಗಂಟಿಕ್ಕಿತು. ಆದರೂ ಅವಳು ಕಲಿತ ಹುಡುಗಿ, ಹೊಸ ವಿಷಯ ಕಂಡರೆ ಸುಮ್ಮನಿರಲಾರಳು. ತರಗತಿ ಮುಗಿದ ಮೇಲೆ ಅಮೀರುನ್ನೀಸಾಳನ್ನು ಕೂರಿಸಿಕೊಂಡು ಬೇರೆ ಭಾಷೆಗಳ ಬಗ್ಗೆ ಕೇಳಿದಳು. ಇವಳು ರಾಗಿ ಕೇರಿದಷ್ಟು ಸಲೀಸಾಗಿ ಹೇಳುತ್ತಾ ಹೋದಳು. ಕನ್ನಡದಲ್ಲಿ ಗಂಡಸು ಬಂದ, ಹೆಂಗಸು ಬಂದಳು. ತಮಿಳಿನಲ್ಲೂ ವಂದಾನ್, ವಂದಾಳ್. ಮಲೆಯಾಳದವರಿಗೆ ಆ ಬಾಲವೇ ಬೇಡ, ಯಾರು ಬಂದರೂ ವನ್ನು. ಉರ್ದುವಿನಲ್ಲಿ 'ನಾನು ಬರುತ್ತೇನೆ' ಎನ್ನುವಾಗಲೂ ಗಂಡಸು ಬೇರೆ, ಹೆಂಗಸು ಬೇರೆ. ಕನ್ನಡದ 'ಬತ್ತೀನಿ' ಕತ್ತಲಲ್ಲಿ ಕೇಳಿದರೆ ಗಂಡೋ ಹೆಣ್ಣೋ ದನಿಯಿಂದಲೇ ತಿಳಿಯಬೇಕು. ಇಷ್ಟೆಲ್ಲ ಬೇರೆಯಾದರೂ ಒಂದು ವಿಷಯದಲ್ಲಿ ನಾಲ್ವರೂ ಒಂದೇ. ಏನಾಯಿತು ಎಂಬುದನ್ನು ಮಾತಿನ ಕೊನೆಗೇ ಹೇಳುತ್ತಾರೆ.

"ಇಂಗ್ಲಿಷಲ್ಲಿ ಹಾಗಿಲ್ಲ. ಅದು ಮಧ್ಯದಲ್ಲೇ ಬಂದುಬಿಡುತ್ತೆ. ನಾನು, ಕುಡೀತೀನಿ, ನೀರು, ಹೀಗೆ," ಎಂದಳು ಗುರುಮಲ್ಲಮ್ಮ.

"ಪಾಪ, ಅವ್ರಿಗೆ ಅರ್ಜೆಂಟು," ಎಂದಳು ಅಮೀರುನ್ನೀಸಾ. "ನಮ್ಮೋರು ಅಂಗಲ್ಲ ನರ್ಸಮ್ಮ. ಅದುಕ್ಕೇ ನೋವು ತಿನ್ನೋಳು ಏನಾರ ಅಂದ್ರೆ ಕೊನೆಗಂಟ ಕೇಳ್ಬೇಕು. ಮದ್ಯಕ್ಕೆ ಬಾಯಾಕುದ್ರೆ ಕೆಟ್ಟೋಯ್ತದೆ."

ಮರುದಿನ ಗುರುಮಲ್ಲಮ್ಮ ಮತ್ತೆ ಎಂದಿನಂತೆ ಪುಸ್ತಕ ತೆರೆದು, ಬಾಯಿಪಾಠ ಬಾರದಿದ್ದರೆ ಪಾಸು ಮಾಡಿಸುವುದು ತನ್ನ ಕೈಲಿಲ್ಲ ಎಂದು ಹೇಳಿದಳು.

ಪರೀಕ್ಷೆಗೆ ಹನ್ನೆರಡು ದಿನ ಇರುವಾಗ, ಮಧ್ಯಾಹ್ನದ ಉರಿಬಿಸಿಲಲ್ಲಿ, ಮರದ ಡಿಪೋದ ಯಜಮಾನಿ ಕದೀಜುಮ್ಮ ತನ್ನ ಸೊಸೆಯನ್ನು ಜಟಕಾದಲ್ಲಿ ಆಸ್ಪತ್ರೆಗೆ ಕರೆತಂದಳು. ಕದೀಜುಮ್ಮ ಕೇರಳದ ಕಡೆಯಿಂದ ಮದುವೆಯಾಗಿ ಬಂದು ಇಪ್ಪತ್ತೈದು ವರ್ಷವಾಗಿತ್ತು, ಕನ್ನಡ ನೀರು ಕುಡಿದಂತೆ ಬರುತ್ತಿತ್ತು. ಸೊಸೆ ಬಂದು ಒಂದು ವರ್ಷವೂ ಆಗಿರಲಿಲ್ಲ, ಅವಳಿಗೆ ಮಲೆಯಾಳ ಬಿಟ್ಟು ಬೇರೊಂದು ಮಾತು ತಿಳಿಯದು. ಡಾಕ್ಟರು ಆವತ್ತು ಊರಲ್ಲಿರಲಿಲ್ಲ. ಗುರುಮಲ್ಲಮ್ಮ ನಿಯಮದಂತೆ ಅತ್ತೆಯನ್ನು ಹೊರಗೆ ಕೂರಿಸಿ ಬಾಗಿಲು ಹಾಕಿಕೊಂಡಳು. ಕಲಿಯುವವಳೆಂದು ಅಮೀರುನ್ನೀಸಾ ಮೂಲೆಯಲ್ಲಿ ನೀರು ಕಾಯಿಸುತ್ತಿದ್ದಳು.

ಹುಡುಗಿ ಹೆದರಿ ಉಸಿರು ಬಿಗಿಹಿಡಿದಿದ್ದಳು. ನೋವು ಬಂದಾಗ ಕೆಳಗೆ ಒತ್ತಿ ಮುಕ್ಕುವುದನ್ನು ಬಿಟ್ಟು ಮಂಚದ ಕಂಬಿಯನ್ನು ತಬ್ಬಿಕೊಳ್ಳುತ್ತಿದ್ದಳು. ಗುರುಮಲ್ಲಮ್ಮ ಮೆಲ್ಲಗೆ ಹೇಳಿದಳು, ಗಟ್ಟಿಯಾಗಿ ಹೇಳಿದಳು. ಕೊನೆಗೆ ಇಸ್ತ್ರಿಯ ಮಾತೆಲ್ಲ ಎಲ್ಲಿ ಹೋಯಿತೋ, "ಮುಕ್ಕವ್ವ, ನಿನ್ ದಮ್ಮಯ್ಯ, ಮುಕ್ಕು ಕಣಮ್ಮಿ" ಎಂದು ಉಮ್ಮತ್ತೂರಿನ ಮಾತಿನಲ್ಲೇ ಅಂಗಲಾಚಿದಳು. ಹುಡುಗಿಗೆ ಯಾವುದೂ ತಾಗಲಿಲ್ಲ. ಮಗುವಿನ ನೆತ್ತಿ ಕಾಣಿಸಿ ಎಷ್ಟೋ ಹೊತ್ತಾಗಿತ್ತು.

"ಅಮೀರಕ್ಕ, ಬನ್ನಿ. ನಂಗೆ ಕೈ ಓಡ್ತಾ ಇಲ್ಲ," ಎಂದಳು ಗುರುಮಲ್ಲಮ್ಮ.

ಅಮೀರುನ್ನೀಸಾ ಬಂದವಳೇ ಹುಡುಗಿಯ ಎರಡೂ ಭುಜ ಹಿಡಿದು, ತನಗೆ ಗೊತ್ತಿದ್ದ ಮಲೆಯಾಳವನ್ನು ಗೊತ್ತಿದ್ದ ದನಿಯಲ್ಲೇ ಕೂಗಿದಳು. "ಪಿಡಿಯೆಡಾ! ತಳ್ಳೆಡಾ! ಇನಿಯುಂ ತಳ್ಳೆಡಾ!" ಹಿಡಿಯೋ, ತಳ್ಳೋ, ಇನ್ನೂ ತಳ್ಳೋ ಲೋ ಎಂದು ಹತ್ತಾಳು ಸೇರಿ ಬೀಟೆಯ ದಿಮ್ಮಿ ತಳ್ಳುವಾಗಿನ ಮಾತದು, ಗಂಡಸರು ಗಂಡಸರಿಗೆ ಹೇಳುವುದು. ಹುಡುಗಿ ಕಣ್ಣರಳಿಸಿ ಈ ಹೆಂಗಸನ್ನು ನೋಡಿದಳು. ಅಂಥ ನೋವಿನಲ್ಲೂ ಫಕ್ಕನೆ ನಕ್ಕುಬಿಟ್ಟಳು. ನಗುವಿನ ಜೊತೆ ಬಿಗಿಹಿಡಿದ ಉಸಿರು ಸಡಿಲವಾಯಿತು. ಮುಂದಿನ ನೋವಿಗೆ ತಳ್ಳೆಡಾ ಎಂದಾಗ ಅವಳು ತಳ್ಳಿದಳು, ನಿಲ್ಲೆಡಾ ಎಂದಾಗ ನಿಂತಳು. ಕಾಲು ಗಂಟೆಯೊಳಗೆ ಗಂಡು ಮಗು ಗುರುಮಲ್ಲಮ್ಮನ ಕೈಯಲ್ಲಿತ್ತು.

ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಹೇಳುತ್ತಾರೆ. ಅಮೀರುನ್ನೀಸಾಗೆ ಜಗಳ ಬಂದದ್ದೇ ಮಾತು ಬಲ್ಲದ್ದಕ್ಕೆ. ಬಾಗಿಲ ಹೊರಗೆ ಕೂತಿದ್ದ ಕದೀಜುಮ್ಮ ಒಂದೊಂದು ಮಾತನ್ನೂ ಕೇಳಿಸಿಕೊಂಡಿದ್ದಳು. ಮೊಮ್ಮಗನನ್ನು ಎತ್ತಿ ಮುದ್ದಾಡಿದಳು. ಮೂರನೆಯ ದಿನ ಅರ್ಜಿ ಬರೆಸಿ ಚಾಮರಾಜನಗರಕ್ಕೆ ಕಳಿಸಿದಳು. ಮಾನವಂತರ ಮನೆಯ ಹೆಣ್ಣನ್ನು ಕೂಲಿಯಾಳಿನಂತೆ ಏಕವಚನದಲ್ಲಿ, ಅದೂ ಗಂಡಸಿನಂತೆ ಗದರಿಸಿದ ಸೂಲಗಿತ್ತಿಗೆ ಸರ್ಕಾರದ ಬ್ಯಾಡ್ಜು ಕೊಡಬಾರದು ಎಂದು ಅದರಲ್ಲಿತ್ತು. ದೊಡ್ಡ ಡಾಕ್ಟರು ಗುರುಮಲ್ಲಮ್ಮನಿಗೆ ಕಾಗದ ಬರೆದರು. ಆ ಮನೆಯವರಿಗೆ ಸಮಾಧಾನವಾಗದ ಹೊರತು ಅವಳನ್ನು ಪರೀಕ್ಷೆಗೆ ಕಳಿಸಬೇಡಿ.

ಗುರುಮಲ್ಲಮ್ಮ ಅದನ್ನು ಅಮೀರುನ್ನೀಸಾಗೆ ಓದಿ ಹೇಳಿದಳು. ತನ್ನ ಮಲೆಯಾಳದಲ್ಲಿ ತಪ್ಪಿರಬಹುದೆಂದು ಅವಳು ಕನಸಲ್ಲೂ ಎಣಿಸಿರಲಿಲ್ಲ. ಮನೆಗೆ ಹೋಗಿ ಗಂಡನಿಗೆ ಹೇಳಿದರೆ ಅವನು ಇಕ್ಕಳ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳಿಗೆ ಅಳು ಬಂತು, ಆಮೇಲೆ ಸಿಟ್ಟು ಬಂತು. ಮರುದಿನ ಬೆಳಿಗ್ಗೆ ಬುರ್ಖಾ ಹಾಕಿಕೊಂಡು ನೇರ ಕದೀಜುಮ್ಮನ ಮನೆಗೆ ಹೋದಳು.

ಕದೀಜುಮ್ಮ ಕೂರು ಎನ್ನಲಿಲ್ಲ. "ಏನಕ್ಕೆ ಬಂದೆ?"

"ತಪ್ಪಾಯ್ತು ಅನ್ನಕ್ಕೆ ಬಂದೆ ಉಮ್ಮ."

"ಅಂಥಾ ಮಾತು ಯಾರು ಕಲಿಸಿದ್ದು ನಿಂಗೆ?"

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುತ್ತಾರೆ ಎಂಬುದು ಗೊತ್ತಿದ್ದೂ ಅಮೀರುನ್ನೀಸಾ ಹೇಳಿದಳು. "ನಿಮ್ ಡಿಪೋದೋರೇ ಉಮ್ಮ. ಅನ್ನೆರಡು ವರ್ಸ ಕೇಳ್ಕೊಂಡು ಕಲ್ತೆ. ಬ್ಯಾರೆ ಯಾರೂ ಮಲೆಯಾಳದೋರು ನಂಗೆ ಸಿಕ್ನಿಲ್ಲ."

ಒಳಗಿನ ಕೋಣೆಯಿಂದ ಬಾಣಂತಿ ನಗುವುದು ಕೇಳಿಸಿತು. ಅವಳಿಗೆ ಕನ್ನಡ ತಿಳಿಯದಿದ್ದರೂ ಈ ದನಿಯ ಗುರುತು ಹತ್ತಿತ್ತು. "ತಳ್ಳೆಡಾ" ಎಂದು ಅವಳು ಒಳಗಿನಿಂದಲೇ ಅಣಕಿಸಿದಳು. ಕದೀಜುಮ್ಮನ ತುಟಿಯಂಚು ಅಲುಗಿತು, ಆದರೆ ಹುಬ್ಬು ಇಳಿಯಲಿಲ್ಲ.

"ಇನ್ನೊಂದು ಸಲ ಅಂಗನ್ನಕ್ಕಿಲ್ಲ," ಎಂದಳು ಅಮೀರುನ್ನೀಸಾ. "ಎಂಗನ್ಬೇಕು ನೀವೇ ಏಳ್ಕೊಡಿ. ನಿಮ್ಗೆ ಮೊದಲ್ನೇ ಎರಿಗೇಲಿ ಸೂಲಗಿತ್ತಿ ಎಂಗಂದಿದ್ಲೋ ಅಂಗೇ ಕಲ್ತ್ಕೋತೀನಿ."

ಕದೀಜುಮ್ಮ ಗೋಡೆಗೆ ಒರಗಿ ಮೆಲ್ಲಗೆ ಚಾಪೆಯ ಮೇಲೆ ಕೂತುಕೊಂಡಳು.

"ನಂಗೆ ಯಾರೂ ಏನೂ ಅನ್ನಲಿಲ್ಲ," ಎಂದಳು. "ಈ ಊರಿಗೆ ಬಂದು ಎಂಟು ತಿಂಗಳಾಗಿತ್ತು. ಬಂದ ಸೂಲಗಿತ್ತಿಗೆ ನನ್ನ ಮಾತು ಗೊತ್ತಿಲ್ಲ, ನಂಗೆ ಅವಳ ಮಾತು ಗೊತ್ತಿಲ್ಲ. ಎರಡು ದಿನ ಬಟ್ಟೆ ಕಚ್ಕೊಂಡು ಬಿದ್ದಿದ್ದೆ. ತಳ್ಳು ಅಂತ ಒಬ್ಬರು ಅಂದಿದ್ದರೆ, ಕೂಲಿಯವರ ಮಾತಲ್ಲೇ ಅಂದಿದ್ದರೂ ಸಾಕಿತ್ತು. ಹೆಣ್ಣು ಮಗು. ಉಳೀಲಿಲ್ಲ."

ಅಮೀರುನ್ನೀಸಾ ಕರೆಯದಿದ್ದರೂ ಪಕ್ಕದಲ್ಲಿ ಹೋಗಿ ಕೂತಳು. ಸಮಾಧಾನ ಹೇಳಲಿಲ್ಲ, ನಡುವೆ ಬಾಯಿ ಹಾಕಲಿಲ್ಲ. ಕದೀಜುಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಯಾರನ್ನೂ ನೋಡದೆ, ಇಪ್ಪತ್ತೈದು ವರ್ಷದ ಹಿಂದಿನ ತನಗೇ ಹೇಳಿಕೊಳ್ಳುವವಳಂತೆ ಹೇಳಿದಳು.

"ಞಾನುಂಡ್ ಮೋಳೇ. ಹಾಗನ್ನಬೇಕು ಮೊದಲು. ನಾನಿದ್ದೀನಿ ಮಗಳೇ ಅಂತ. ತಳ್ಳು ಅನ್ನೋದು ಆಮೇಲೆ."

ಅಮೀರುನ್ನೀಸಾ ಆ ಎರಡು ಮಾತನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ನೋಡಿದಳು. ಹನ್ನೆರಡು ವರ್ಷ ನಾಲ್ಕು ಭಾಷೆಗಳಲ್ಲಿ ಮಾಡುವ ಮಾತುಗಳನ್ನೇ ಕೂಡಿಸಿದ್ದಳು. ಇರುವ ಮಾತು ಒಂದನ್ನೂ ಕೇಳಿರಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ದಿಮ್ಮಿ ಹೊರುವವರು ಅದನ್ನು ಹೇಳುವುದಾದರೂ ಯಾರಿಗೆ? ದನಿ ಸರಿಯಾಗುವವರೆಗೆ ಕದೀಜುಮ್ಮ ಅವಳಿಂದ ಎಂಟು ಸಲ ಹೇಳಿಸಿದಳು. ಆಮೇಲೆ ಒಳಗೆ ಹೋಗಿ ಮಗುವನ್ನು ತಂದು ಅವಳ ಮಡಿಲಲ್ಲಿ ಹಾಕಿ, ಅರ್ಜಿ ವಾಪಸು ಪಡೆಯುವ ಕಾಗದ ನಾಳೆಯೇ ಹೋಗುತ್ತದೆ ಎಂದಳು.

ಪರೀಕ್ಷೆಯ ದಿನ ಹನ್ನೊಂದು ಹೆಂಗಸರು ಬಾಯಿಪಾಠ ಒಪ್ಪಿಸಿದರು. ಅಮೀರುನ್ನೀಸಾಳ ಸರದಿ ಬಂದಾಗ ಸಾಮಾನುಗಳ ಪಟ್ಟಿ ಎರಡಕ್ಕೇ ನಿಂತಿತು. ದೊಡ್ಡ ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. ಗುರುಮಲ್ಲಮ್ಮ ಎದ್ದು ನಿಂತಳು. ಮೇಲಧಿಕಾರಿಯ ಎದುರು ತಾನಾಗಿ ಬಾಯಿ ತೆರೆದದ್ದು ಅದೇ ಮೊದಲು.

"ಸರ್, ಇವರನ್ನ ಕೇಳಬೇಡಿ. ಮಾಡಿಸಿ ನೋಡಿ."

ಮಂಚದ ಮೇಲೆ ಬಸುರಿಯ ಬದಲು ದಿಂಬು ಇಟ್ಟರು, ಅದರೊಳಗೆ ಮಗುವಿನ ಬದಲು ಬಟ್ಟೆಯ ಬೊಂಬೆ ಕಟ್ಟಿದರು, ನೀರು ಸೋಪು ತರಿಸಿದರು. ಅಮೀರುನ್ನೀಸಾ ಸೋಪಿಗೆ ಕೈ ಹಾಕಲಿಲ್ಲ. ಮೊದಲು ಮಂಚದ ತಲೆಯ ಕಡೆಗೆ ಹೋಗಿ, ಬಗ್ಗಿ, ದಿಂಬಿಗೆ ಮೆಲ್ಲಗೆ, "ನಾನಿವ್ನಿ ಕಣವ್ವ, ಎದ್ರುಬ್ಯಾಡ" ಎಂದಳು. ಆಮೇಲೆ ತೋಳೇರಿಸಿ ತೊಳೆದಳು, ಕುದಿಸಿದಳು, ಕಾದಳು, ಕಟ್ಟಿದಳು, ಕೊಯ್ದಳು. ಒಂದೂ ತಪ್ಪಲಿಲ್ಲ.

"ಎಲ್ಲ ಸರಿ," ಎಂದರು ದೊಡ್ಡ ಡಾಕ್ಟರು. "ಮೊದಲು ಏನೋ ಹೇಳಿದೆಯಲ್ಲ, ಅದು ಪುಸ್ತಕದಲ್ಲಿಲ್ಲ."

ಗುರುಮಲ್ಲಮ್ಮ ಮೇಜಿನ ಮೇಲಿದ್ದ ಪುಸ್ತಕ ಎಳೆದುಕೊಂಡಳು. ಅವಳು ಅದರಲ್ಲಿ ಎಂದೂ ಒಂದು ಗೆರೆಯನ್ನೂ ಎಳೆದವಳಲ್ಲ. ಹೆರಿಗೆಯ ಪಾಠದ ಒಂದನೆಯ ಸಾಲಿನ ಮೇಲೆ ಉಳಿದಿದ್ದ ಖಾಲಿ ಜಾಗದಲ್ಲಿ 'ನಾನಿದ್ದೇನೆ ಎಂದು ಹೇಳುವುದು' ಎಂದು ಪೆನ್ಸಿಲಿನಲ್ಲಿ ಬರೆದು ದೊಡ್ಡ ಡಾಕ್ಟರ ಮುಂದೆ ಹಿಡಿದಳು. ಅವರು ಓದಿ ಹನ್ನೆರಡನೆಯ ಬ್ಯಾಡ್ಜಿಗೆ ಕೈ ಚಾಚಿದರು.